ಮಗುವಿನ ಸುಪರ್ದಿ ವ್ಯಾಜ್ಯದಲ್ಲಿ ಕ್ಯಾಥೊಲಿಕ್ ಗುರುಗಳ ಪಾತ್ರ: ಅಧ್ಯಯನ ಟಿಪ್ಪಣಿ

ಗಂಡ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ನೌಕರ, ಹೆಂಡತಿ ಏಳು ವರ್ಷದ ಮಗಳೊಂದಿಗೆ ಗದಗದ ತವರಿನಲ್ಲಿದ್ದಾಳೆ, ಇಬ್ಬರೂ ಕ್ಯಾಥೊಲಿಕರು ಎಂದು ಇಟ್ಟುಕೊಳ್ಳೋಣ. ಸುಪರ್ದಿಗೆ ಅರ್ಜಿ ಹಾಕುವ ಮುನ್ನ ಗಂಡ ತನ್ನ ಧರ್ಮಕೇಂದ್ರದ ಗುರುಗಳಲ್ಲಿಗೆ ಬಂದು, “ಫಾದರ್, ನಾ ಎಂಥಾಂವ ಅಂತ ನಿಮಗ ಗೊತ್ತೈತಿ, ಒಂದು ಪತ್ರ ಬರದು ಕೊಡ್ರಿ” ಎನ್ನುತ್ತಾನೆ. ಈ ವಿಷಯ ಬಂದಾಗ ಚರ್ಚೆ ಸಾಮಾನ್ಯವಾಗಿ ಪಾಪನಿವೇದನೆಯ (ಗುರುಗಳ ಮುಂದೆ ತನ್ನ ಪಾಪಗಳನ್ನು ಹೇಳಿಕೊಳ್ಳುವ ಸಂಸ್ಕಾರ) ಗೋಪ್ಯತೆಯ ಸುತ್ತ ನಡೆಯುತ್ತದೆಯಾದರೂ, ನನ್ನ ದೃಷ್ಟಿಯಲ್ಲಿ ಹೆಚ್ಚಿನ ತೊಡಕಿರುವುದು ಈ ಪತ್ರದಲ್ಲಿ.

ಪಾಪನಿವೇದನೆಯ ಮಟ್ಟಿಗೆ ನಿಯಮ ಸ್ಪಷ್ಟವಾಗಿದೆ. ಕ್ಯಾಥೊಲಿಕ್ ಧರ್ಮಸಭೆಯ (ಚರ್ಚ್) ಆಂತರಿಕ ಕಾನೂನಾದ 1983ರ ಸಂಹಿತೆಯ 983ನೆಯ ವಿಧಿ ಅದರ ಗೋಪ್ಯತೆಯನ್ನು ಅಭೇದ್ಯವೆನ್ನುತ್ತದೆ. ಹಾಗೆ ತಿಳಿದದ್ದನ್ನು ನಿವೇದಿಸಿದವರಿಗೆ ಕೇಡಾಗುವಂತೆ ಬಳಸುವುದನ್ನೂ 984ನೆಯ ವಿಧಿ ನಿಷೇಧಿಸುತ್ತದೆ. ಆಪ್ತ ಸಮಾಲೋಚನೆಯಲ್ಲಿ ಕೇಳಿದ್ದರ ಸ್ಥಿತಿ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ದಂಪತಿಗಳ ನಡುವಿನ ಮಾತಿಗೂ ವಕೀಲ-ಕಕ್ಷಿದಾರರ ಮಾತಿಗೂ ರಕ್ಷಣೆ ಕೊಟ್ಟಿದೆಯೇ ಹೊರತು ಗುರುಗಳನ್ನು ಹೆಸರಿಸಿಲ್ಲ. ಆದುದರಿಂದ ಮಾತು ಶುರುವಾಗುವ ಮೊದಲೇ ಈ ಮಿತಿಯನ್ನು ತಿಳಿಸುವುದು ಅವರ ಕರ್ತವ್ಯ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಮಾಹಿತಿ ಸಮಾಲೋಚನೆಯಲ್ಲಿ ಸಿಕ್ಕರಂತೂ, 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು.

ಇನ್ನು ಪತ್ರದ ವಿಚಾರ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ 17ನೆಯ ಕಲಮು ಮಗುವಿನ ಹಿತವನ್ನು ಮುಂದಿಟ್ಟು, ಅದನ್ನು ಅಳೆಯುವಾಗ ವಯಸ್ಸು, ಲಿಂಗ, ಧರ್ಮ, ಪೋಷಕನ ನಡತೆ ಮತ್ತು ಸಾಮರ್ಥ್ಯ ಮೊದಲಾದವನ್ನು ಗಮನಿಸಲು ಹೇಳುತ್ತದೆ. ಧರ್ಮ ಮತ್ತು ನಡತೆ ಎಂಬ ಎರಡು ಪದಗಳನ್ನು ಹಿಡಿದುಕೊಂಡೇ ವಕೀಲರು ಗುರುಗಳ ಪತ್ರವನ್ನು ಬಯಸುತ್ತಾರೆ. ಆದರೆ ಅರ್ಜಿದಾರ ಪ್ರತಿ ಭಾನುವಾರ ಚರ್ಚಿನ ಬಲಿಪೂಜೆಗೆ (ಮಾಸ್) ಬರುತ್ತಾನೆ ಎಂಬ ಒಕ್ಕಣೆಯಿಂದ, ಮಗಳಿಗೆ ರಾತ್ರಿ ಜ್ವರ ಬಂದರೆ ಎಚ್ಚರವಿರುವವರು ಯಾರು, ಅವಳ ಹೋಂವರ್ಕ್ ನೋಡುವವರು ಯಾರು ಎಂಬುದು ತಿಳಿಯುವುದಿಲ್ಲ. ಹೆಂಡತಿಯ ಮಾತನ್ನು ಗುರುಗಳು ಕೇಳಿಯೇ ಇಲ್ಲ. ಹೀಗಿರುವಾಗ ಲೆಟರ್‌ಹೆಡ್ಡಿನ ಮೇಲೆ ಮೊಹರು ಒತ್ತಿ ಕೊಟ್ಟ ಹೊಗಳಿಕೆ, ಗೊತ್ತಿಲ್ಲದ ಸಂಗತಿಗೆ ಸಾಕ್ಷಿ ನುಡಿದಂತಾಗುತ್ತದೆ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಾಖಲೆಯ ಪ್ರತಿಯನ್ನಾಗಲಿ, ತಾವೇ ಕಂಡದ್ದನ್ನಾಗಲಿ ಕೊಡಲು ಅಡ್ಡಿಯಿಲ್ಲ. ‘ಉತ್ತಮ ತಂದೆ’ ಎಂಬ ತೀರ್ಪು ಅವರದ್ದಲ್ಲ. ಮಕ್ಕಳು ತಂದೆತಾಯಿಯ ಸೊತ್ತಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿತ್ತು; ಆ ದಂಪತಿಯೂ ಕ್ರೈಸ್ತರೇ.

ಗುರುಗಳು ರಾಜಿ ಮಾಡಿಸಲು ಕೂತರೆ ಅದು ಒಳ್ಳೆಯದೇ, ಆದರೆ ಹಾಗೆ ಕೂತವರು ಆಮೇಲೆ ಒಂದು ಪಕ್ಷದ ಸಾಕ್ಷಿಯಾಗಬಾರದು. ಮದುವೆ ಅಸಿಂಧುವೆಂದು ಧರ್ಮಸಭೆಯ ನ್ಯಾಯಮಂಡಳಿ ಘೋಷಿಸಿದರೆ ಮಗುವಿನ ಪ್ರಶ್ನೆಯೂ ಇತ್ಯರ್ಥವಾಯಿತೆಂದು ಹಲವರು ತಿಳಿಯುತ್ತಾರೆ. ಅಂಥ ಘೋಷಣೆಯಿಂದ ಕಾನೂನಿನ ಕಣ್ಣಿನಲ್ಲಿ ವಿವಾಹ ಕೊನೆಗೊಳ್ಳುವುದಿಲ್ಲವೆಂದು ಸುಪ್ರೀಂ ಕೋರ್ಟಿನ 1996ರ ಮಾಲಿ ಜೋಸೆಫ್ ತೀರ್ಪಿನಲ್ಲಿದೆ. ಸುಪರ್ದಿಯನ್ನು ನಿರ್ಧರಿಸುವುದೂ ಸಿವಿಲ್ ನ್ಯಾಯವ್ಯವಸ್ಥೆಯೇ. ಅದರಲ್ಲೂ ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೆ ಅಧಿಕಾರವೆಂದು 1890ರ ಕಾಯ್ದೆಯ 9ನೆಯ ಕಲಮು ಹೇಳುವುದರಿಂದ, ನಮ್ಮ ಉದಾಹರಣೆಯ ಗಂಡ ಹುಬ್ಬಳ್ಳಿಯಲ್ಲಿ ಎಷ್ಟೇ ಪತ್ರ ಕೂಡಿಸಿದರೂ ಅರ್ಜಿ ಹಿಡಿದು ಹೋಗಬೇಕಾದದ್ದು ಬಹುಶಃ ಗದಗಕ್ಕೇ.