ಹಳೆಯ ಸ್ಪೀಕರ್‌ಗೆ ಅಷ್ಟು ದೊಡ್ಡ ಡಬ್ಬ ಯಾಕೆ ಬೇಕಿತ್ತು?

ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರಿಗೆ ನಾಟಕ ಕಂಪನಿಗಳ ಹಾರ್ನ್ ಸ್ಪೀಕರ್ ಗೊತ್ತೇ ಇರುತ್ತದೆ. ಆಂಪ್ಲಿಫೈಯರ್ ಸಣ್ಣದಿದ್ದರೂ ದನಿ ಹೊಲ ದಾಟಿ ಹೋಗುತ್ತದೆ. ಆದರೆ ತಬಲಾ ಬಾರಿಸಿದಾಗ ತಗ್ಗಿನ ದನಿಯ ಡಗ್ಗಾ ಕೇಳುವುದೇ ಇಲ್ಲ, ಬರೀ ಟಕಟಕ. ಲಕ್ಷಗಟ್ಟಲೆ ಬೆಲೆಯ ಹೈ-ಎಂಡ್ ಸ್ಪೀಕರ್‌ಗಳ ಕಥೆಯೂ ಇಲ್ಲಿಂದಲೇ ಶುರು.

ತಂತಿಯ ಸುರುಳಿ (ಕಾಯಿಲ್) ಮತ್ತು ಅದು ಅಲುಗಿಸುವ ಕೋನ್ ಇರುವ ಇವತ್ತಿನ ಮಾದರಿಯ ಸ್ಪೀಕರ್ ಅನ್ನು ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ರೂಪಿಸಿದ್ದು 1925ರ ಹೊತ್ತಿಗೆ. ಆಗ ನಿಜವಾಗಿ ದುಬಾರಿಯಾಗಿದ್ದದ್ದು ವಾಟ್, ಅಂದರೆ ಆಂಪ್ಲಿಫೈಯರ್‌ನ ಪವರ್. ಆಂಪ್ಲಿಫೈಯರ್‌ನೊಳಗಿನ ಗಾಜಿನ ಬುರುಡೆ, ಹೆಸರಾಂತ ವೆಸ್ಟರ್ನ್ ಎಲೆಕ್ಟ್ರಿಕ್ 300ಬಿ ವಾಲ್ವ್, ಒಂಟಿಯಾಗಿ ಕೊಡುವುದು ಸುಮಾರು 8 ವಾಟ್, ಅಷ್ಟೇ. ಹತ್ತಿಪ್ಪತ್ತು ವಾಟ್‌ನಲ್ಲೇ ಸಿನಿಮಾ ಹಾಲ್ ತುಂಬಿಸಬೇಕಿತ್ತು. ಹಾರ್ನ್ ಬೇಕಾದದ್ದು ಅದಕ್ಕೇ.

ಆದರೆ ತಗ್ಗಿನ ಸ್ವರಕ್ಕೆ ಹಾರ್ನ್ ಭಾರೀ ದೊಡ್ಡದಾಗುತ್ತದೆ. 40 ಹರ್ಟ್ಸ್‌ನ ಒಂದು ಅಲೆಯೇ ಎಂಟೂವರೆ ಮೀಟರ್ ಉದ್ದ! 1940ರ ದಶಕದಲ್ಲಿ ಪಾಲ್ ಕ್ಲಿಪ್ಶ್ ಒಂದು ಉಪಾಯ ಹೂಡಿದರು. ಹಾರ್ನನ್ನು ಪೆಟ್ಟಿಗೆಯೊಳಗೇ ಮಡಚಿ, ಅದರ ಬಾಯಿಯ ಕೆಲಸವನ್ನು ಕೋಣೆಯ ಮೂಲೆಯ ಗೋಡೆಗಳಿಗೆ ವಹಿಸಿದರು. ಅದೇ ಕ್ಲಿಪ್ಶ್‌ಹಾರ್ನ್. ಒಂದೇ ವಾಟ್‌ಗೆ ದನಿಯ ಜೋರು ನೂರು ಡೆಸಿಬಲ್ ದಾಟುತ್ತದೆ. ಸ್ಟೀರಿಯೋ ಬೇಕಂದ್ರೆ ಎರಡು ಖಾಲಿ ಮೂಲೆ ಬೇಕು. ನಮ್ಮ ಮನೆಗಳಲ್ಲಿ ಒಂದರಲ್ಲಿ ಬಾಗಿಲು, ಇನ್ನೊಂದರಲ್ಲಿ ತಿಜೋರಿ, ಅಲ್ವಾ?

ಲೆಕ್ಕ ತಲೆಕೆಳಗಾದದ್ದು 1954ರಲ್ಲಿ. ಎಡ್ಗರ್ ವಿಲ್ಚರ್ ಎಆರ್-1 ಅನ್ನುವ ಸ್ಪೀಕರ್ ತಂದರು. ಗಾಳಿಯಾಡದಂತೆ ಮುಚ್ಚಿದ ಸಣ್ಣ ಡಬ್ಬ, ಒಳಗಿನ ಗಾಳಿಯೇ ಕೋನ್‌ಗೆ ಸ್ಪ್ರಿಂಗ್. ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಗಾತ್ರದಿಂದ ಡಗ್ಗಾದ ಗುಂಯ್ ಹೊರಬಂತು. ಅದಕ್ಕೆ ತೆತ್ತ ಬೆಲೆ ವಾಟ್. ಒಂದು ವಾಟ್‌ಗೆ ಬರುವ ದನಿ 20 ಡೆಸಿಬಲ್ ಕಡಿಮೆಯಾದರೆ ಅಷ್ಟೇ ಜೋರಿಗೆ ನೂರು ಪಟ್ಟು ಪವರ್ ಬೇಕು. ಮುಂದೆ ಟ್ರಾನ್ಸಿಸ್ಟರ್ ಬಂದು ವಾಟ್ ಅಗ್ಗವಾಯಿತು, ದೊಡ್ಡ ಡಬ್ಬದ ಕಾಲ ಮುಗಿಯುತ್ತಾ ಬಂತು. ಥೀಲ್ ಮತ್ತು ಸ್ಮಾಲ್ ಎಂಬ ಎಂಜಿನಿಯರ್‌ಗಳು 1960-70ರ ದಶಕಗಳಲ್ಲಿ ಡಬ್ಬದ ಅಳತೆಗೆ ಲೆಕ್ಕಾಚಾರ ಕೊಟ್ಟರು, ಅಂದಾಜಿನ ಕೆಲಸ ಕಡಿಮೆಯಾಯಿತು. 1980ರ ದಶಕದಲ್ಲಿ ಕೆನಡಾದ ಫ್ಲಾಯ್ಡ್ ಟೂಲ್ ಸ್ಪೀಕರ್‌ಗಳನ್ನು ಪರದೆಯ ಹಿಂದಿಟ್ಟು ಜನರಿಗೆ ಕೇಳಿಸಿದರು. ನೇರಕ್ಕೂ ಪಕ್ಕಕ್ಕೂ ಸಮನಾಗಿ ಹರಡುವ ದನಿಯೇ ಹೆಚ್ಚಿನವರಿಗೆ ಹಿಡಿಸಿತು. ಒಳ್ಳೆಯ ಹೊಸ ಸ್ಪೀಕರ್‌ಗಳ ಬಲ ಇರುವುದು ಇಲ್ಲೇ.

ಹಾಗಂತ ಹಳೆಯದು ಸೋತಿತು ಅನ್ನಲಾರೆ. 1957ರ ಕ್ವಾಡ್ ಇಎಸ್‌ಎಲ್ ಸ್ಪೀಕರ್‌ನಲ್ಲಿ ಕೋನೇ ಇಲ್ಲ, ತೆಳ್ಳನೆಯ ಹಾಳೆ ಅಲುಗುತ್ತದೆ. ಜೋರಾಗಿ ಹಾಡದು, ಬೇಸ್ ಕೂಡ ಅಷ್ಟಕ್ಕಷ್ಟೇ. ಆದರೆ ಮನುಷ್ಯರ ದನಿ ಬಂದಾಗ ಅದಕ್ಕೆ ಸರಿಸಾಟಿ ಇವತ್ತಿಗೂ ಕಮ್ಮಿ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಳೆಯ ರೆಕಾರ್ಡ್‌ಗಳಿಗೆ ಬೇಕಾದದ್ದು ಅಂಥ ದನಿಯೇ. ವಿಜಯಪುರ, ಬಾಗಲಕೋಟೆ ಕಡೆಯ ಫರಸಿ ಹಾಸಿದ ಹಾಲ್‌ಗಳಲ್ಲಿ ಹಾರ್ನ್‌ಗೂ ಒಂದು ಅನುಕೂಲ ಇದೆ. ಅದು ದನಿಯನ್ನು ಕೇಳುವವರ ಕಡೆಗೇ ತಳ್ಳುತ್ತದೆ, ಕಲ್ಲಿಗೆ ಬಡಿದು ವಾಪಸ್ ಬರುವುದು ಕಮ್ಮಿ.

ಇನ್ನೊಂದು ಮಾತು. ಹಳೆಯ ಸ್ಪೀಕರ್ ಮಂಕು ಅನ್ನುವವರಲ್ಲಿ ಎಷ್ಟೋ ಜನ ಕೇಳಿರುವುದು ಕೆಟ್ಟುಹೋದ ಜೋಡಿಯನ್ನು. 1970-80ರ ದಶಕಗಳ ಎಷ್ಟೋ ಕೋನ್‌ಗಳ ಅಂಚಿಗೆ ಫೋಮ್ ಪಟ್ಟಿ ಇರುತ್ತದೆ. ಎರಡು ದಶಕ ಕಳೆದ ಮೇಲೆ ಬೆರಳು ತಾಗಿಸಿದರೆ ಜಿಗುಟು ಪುಡಿಯಾಗಿ ಕೈಗೆ ಬರುತ್ತದೆ. ಬೆಳಗಾವಿಯ ಮಳೆಗಾಲದ ತೇವ ಸೇರಿದರೆ ಕಾಗದದ ಕೋನ್‌ಗೂ ಬೂಸ್ಟು. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿದರೆ ಎತ್ತರದ ಸ್ವರ ನುಡಿಸುವ ಟ್ವೀಟರ್‌ನ ದನಿ ಕುಗ್ಗುತ್ತದೆ. ಹಳೆಯ ಜೋಡಿ ಸಿಕ್ಕರೆ ಸುಮ್ನೆ ದುಡ್ಡು ಎಣಿಸಬೇಡಿ. ಮೊದಲು ಮುಂದಿನ ಜಾಲರಿ ತೆಗೆದು ಅಂಚು ನೋಡಿ. ಫೋಮ್ ಪಟ್ಟಿ, ಕೆಪಾಸಿಟರ್ ಎರಡನ್ನೂ ಹೊಸದು ಹಾಕಿಸಿ, ಆಮೇಲೆ ಹೊಸ ಮಾಡೆಲ್ ಪಕ್ಕ ಇಟ್ಟು ಕೇಳಿ.