32 ಬಿಟ್ ಡ್ರೈವರ್ 64 ಬಿಟ್‌ಗೆ ಹೋದಾಗ ಪಾಯಿಂಟರ್ ಎಲ್ಲಿ ತುಂಡಾಗುತ್ತದೆ

ಶಿವಮೊಗ್ಗದಲ್ಲಿ ಭಾನುವಾರ ಸೇರಿ ಲಿನಕ್ಸ್ ಕರ್ನಲ್ ಓದುವ ನಮ್ಮ ಗುಂಪಿಗೆ ಹೊಸದಾಗಿ ಬಂದವರಿಗಾಗಿ ಬರೆದ ಟಿಪ್ಪಣಿ ಇದು. ಸಿ ಭಾಷೆಯಲ್ಲಿ ಪಾಯಿಂಟರ್ ಬಳಸಿ ಗೊತ್ತಿದ್ದರೆ ಸಾಕು.

ಉದಾಹರಣೆಗೆ ಒಂದು ಕಾರ್ಡ್ ಇಟ್ಟುಕೊಳ್ಳೋಣ. ಹೊಸನಗರದ ಕಡೆ ಹಳ್ಳದ ನೀರಿಗೆ ಟರ್ಬೈನ್ ಕೂರಿಸಿದ ಕಿರು ವಿದ್ಯುತ್ ಘಟಕವೊಂದಿದೆ ಎನ್ನಿ. ಟರ್ಬೈನ್‌ನ ಕಂಪನ ಅಳೆದು, ಅಳತೆಗಳನ್ನು ಪ್ರೊಸೆಸರ್‌ನ ಕೈ ಕಾಯದೆ ನೇರವಾಗಿ ಮೆಮೊರಿಗೆ ಬರೆಯುವ (ಇದಕ್ಕೆ ಡಿಎಂಎ ಎನ್ನುತ್ತಾರೆ) ಪಿಸಿಐ ಕಾರ್ಡ್ ಅದು. ಕಾರ್ಡನ್ನು ನಡೆಸುವ ಕರ್ನಲ್ ಕೋಡ್, ಅಂದರೆ ಡ್ರೈವರ್, ಬರೆದದ್ದು 32 ಬಿಟ್ ಇಂಟೆಲ್ ಯಂತ್ರಕ್ಕೆ. ಆ ಯಂತ್ರದ ಬಿಡಿಭಾಗ ಈಗ ಸಿಗುವುದಿಲ್ಲ, ಹಾಗಾಗಿ ಕಾರ್ಡ್ 64 ಬಿಟ್ ಯಂತ್ರಕ್ಕೆ ಹೋಗಬೇಕು. ಕಾರ್ಡ್ ಮಾತ್ರ ಹಳೆಯದೇ, ಡ್ರೈವರ್ ಸಂಖ್ಯೆ ಬರೆಯುವ ಅದರೊಳಗಿನ ಪುಟ್ಟ ಜಾಗಗಳು, ಅಂದರೆ ರಿಜಿಸ್ಟರ್‌ಗಳು, ಇಂದಿಗೂ 32 ಬಿಟ್.

ಮೊದಲು ಅಳತೆ. 32 ಬಿಟ್ ಲಿನಕ್ಸ್‌ನಲ್ಲಿ ಇಂಟ್, ಲಾಂಗ್, ಪಾಯಿಂಟರ್ ಮೂರೂ 4 ಬೈಟ್. 64 ಬಿಟ್ ಲಿನಕ್ಸ್‌ನಲ್ಲಿ ಇಂಟ್ 4 ಬೈಟಿನಲ್ಲೇ ಉಳಿದು, ಲಾಂಗ್ ಮತ್ತು ಪಾಯಿಂಟರ್ 8 ಆಗುತ್ತವೆ. 64 ಬಿಟ್ ವಿಂಡೋಸ್‌ನಲ್ಲಿ ಲಾಂಗ್ ಕೂಡ 4, ಪಾಯಿಂಟರ್ ಒಂದೇ 8. ಪಾಯಿಂಟರನ್ನು ಅನ್‌ಸೈನ್ಡ್ ಲಾಂಗ್‌ನಲ್ಲಿ ಇಡುವ ಪದ್ಧತಿ ಲಿನಕ್ಸ್ ಕರ್ನಲ್‌ನಲ್ಲಿ ನಡೆಯುತ್ತದೆ, ವಿಂಡೋಸ್ ಡ್ರೈವರ್‌ನಲ್ಲಿ ನಡೆಯುವುದಿಲ್ಲ. ಸಿ99ರಲ್ಲಿ ಬಂದ ಯುಇಂಟ್‌ಪಿಟಿಆರ್_ಟಿ ಎರಡೂ ಕಡೆ ಸರಿಯಾದ ಅಳತೆ ಕೊಡುತ್ತದೆ.

ಹಳೆಯ ಕೋಡನ್ನು 64 ಬಿಟ್‌ಗೆ ಕಂಪೈಲ್ ಮಾಡಿದ ಕೂಡಲೇ ಜಿಸಿಸಿ ಕಂಪೈಲರ್ ಎಚ್ಚರಿಸುತ್ತದೆ: ಪಾಯಿಂಟರನ್ನು ಬೇರೆ ಅಳತೆಯ ಪೂರ್ಣಾಂಕಕ್ಕೆ ಕಾಸ್ಟ್ ಮಾಡಿದ್ದೀರಿ ಎಂದು. ನಡುವೆ ಇನ್ನೊಂದು ಕಾಸ್ಟ್ ಹಾಕಿದರೆ ಅದು ಸುಮ್ಮನಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರತಿ ಎಚ್ಚರಿಕೆಯ ಎದುರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸಂಖ್ಯೆಯನ್ನು ಕೊನೆಗೆ ಓದುವವರು ಯಾರು? ಪ್ರೊಸೆಸರೇ, ಕಾರ್ಡೇ, ಬಳಕೆದಾರರ ಪ್ರೋಗ್ರಾಮೇ? ಯಾರು ಓದುತ್ತಾರೆ ಎನ್ನುವುದರ ಮೇಲೆ ಮದ್ದು ಬೇರೆ.

ಕಾರ್ಡ್ ಓದುವ ವಿಳಾಸ

ಕಾರ್ಡಿಗೆ ಕರ್ನಲ್‌ನ ಪಾಯಿಂಟರ್ ಅರ್ಥವಾಗುವುದಿಲ್ಲ, ಅದಕ್ಕೆ ಬೇಕಾದದ್ದು ಬಸ್ ವಿಳಾಸ, ಅಂದರೆ ಕಾರ್ಡಿನ ಕಡೆಯಿಂದ ಮೆಮೊರಿಯನ್ನು ಗುರುತಿಸುವ ವಿಳಾಸ. 32 ಬಿಟ್ ಇಂಟೆಲ್‌ನಲ್ಲಿ ಕರ್ನಲ್‌ನ ಕೆಳಭಾಗದ ಮೆಮೊರಿಗೆ ಪಾಯಿಂಟರಿನಿಂದ 3 ಜಿಬಿ ಕಳೆದರೆ ಭೌತಿಕ ವಿಳಾಸ (ಮೆಮೊರಿಯಲ್ಲಿನ ನಿಜವಾದ ಜಾಗ) ಸಿಗುತ್ತಿತ್ತು, ಅದನ್ನೇ ಕಾರ್ಡಿಗೆ ಕೊಟ್ಟರೂ ಕೆಲಸ ಸಾಗುತ್ತಿತ್ತು. ಹೀಗಾಗಿ ಪಾಯಿಂಟರ್, ವಿಳಾಸ ಎರಡೂ ಒಂದೇ ಜಾತಿಯ ಸಂಖ್ಯೆ ಎಂಬ ಭಾವನೆ ಹಳೆಯ ಡ್ರೈವರ್‌ಗಳಲ್ಲಿ ಬೇರೂರಿದೆ. ಆದರೆ 1995ರ ಪೆಂಟಿಯಂ ಪ್ರೊದಲ್ಲೇ ಪಾಯಿಂಟರ್ 32 ಬಿಟ್, ಭೌತಿಕ ವಿಳಾಸ 36 ಬಿಟ್ ಇರಬಹುದಿತ್ತು. ಆ ಭಾವನೆ ಆಗಲೂ ಸರಿಯಿರಲಿಲ್ಲ.

ಒಂದು ವಿಳಾಸವನ್ನು ಹತ್ತಿರದಿಂದ ನೋಡಿ. ಬಫರ್ ಇರುವ ಜಾಗ, ಹದಿನಾರರ ಪದ್ಧತಿಯಲ್ಲಿ, 1 4000 0000. ಅಂದರೆ ಸರಿಯಾಗಿ 5 ಜಿಬಿ ಗೆರೆ. ಇದನ್ನು 32 ಬಿಟ್ ರಿಜಿಸ್ಟರಿಗೆ ಬರೆದರೆ ಮುಂದಿನ 1 ಬಿದ್ದುಹೋಗಿ 4000 0000 ಉಳಿಯುತ್ತದೆ, ಅದು 1 ಜಿಬಿ ಗೆರೆ. ಕಾರ್ಡ್ ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತದೆ, ಅಳತೆಗಳನ್ನೆಲ್ಲ 1 ಜಿಬಿ ಗೆರೆಯಲ್ಲಿರುವ ಮತ್ಯಾರದೋ ಪುಟದ ಮೇಲೆ ಸುರಿಯುತ್ತದೆ. ನಿಮ್ಮ ಪ್ರೋಗ್ರಾಂಗೆ ಸಿಗುವುದು ಬರೀ ಸೊನ್ನೆ, ಯಾವುದೋ ಬೇರೆ ಪ್ರೋಗ್ರಾಂ ಕಾರಣವಿಲ್ಲದೆ ಬೀಳುತ್ತದೆ. 2 ಜಿಬಿ ಮೆಮೊರಿಯ ಯಂತ್ರದಲ್ಲಿ ಪರೀಕ್ಷಿಸಿದರೆ ಈ ತಪ್ಪು ತಲೆ ಎತ್ತುವುದೇ ಇಲ್ಲ. 8 ಜಿಬಿ ಹಾಕಿದ ಮೇಲೂ ಬಫರ್ ಮೇಲ್ಭಾಗದಲ್ಲಿ ಸಿಕ್ಕ ದಿನ ಮಾತ್ರ ಬರುತ್ತದೆ. ಕಾರ್ಡ್‌ಗಳು ಮೆಮೊರಿ ಮುಟ್ಟುವುದನ್ನು ಕಾಯುವ ಐಒಎಂಎಂಯು ಎಂಬ ಯಂತ್ರಾಂಶ ಚಾಲೂ ಇದ್ದರೆ ಪುಣ್ಯ, ಅದು ಸಾಮಾನ್ಯವಾಗಿ ಅಂಥ ಬರಹವನ್ನು ತಡೆದು ಲಾಗ್‌ನಲ್ಲಿ ದೂರು ದಾಖಲಿಸುತ್ತದೆ.

ಮದ್ದು ಕರ್ನಲ್‌ನಲ್ಲೇ ಇದೆ. ನನ್ನ ಕಾರ್ಡಿಗೆ 32 ಬಿಟ್‌ವರೆಗೆ ಮಾತ್ರ ಕೈ ಎಟುಕುತ್ತದೆ ಎಂದು ಡಿಎಂಎ ಮಾಸ್ಕ್ ಮೂಲಕ ಮೊದಲೇ ಹೇಳಿ. ಆಮೇಲೆ ಡಿಎಂಎ ಬಫರ್ ಕೇಳಿದರೆ 4 ಜಿಬಿಯೊಳಗಿನ ಬಸ್ ವಿಳಾಸವೇ ಬರುತ್ತದೆ. ಬಫರ್ ಬೇರೆಯವರದಾಗಿ ಮೇಲೆ ಇದ್ದರೆ ಕರ್ನಲ್ ಕೆಳಗಿನ ಜಾಗವೊಂದರ ಮೂಲಕ ನಕಲು ಮಾಡಿ ದಾಟಿಸುತ್ತದೆ. ಮಾಸ್ಕ್ ಕರೆ ವಿಫಲವಾದರೆ ಡ್ರೈವರ್ ಅಲ್ಲೇ ನಿಲ್ಲಬೇಕು. ಸಿಕ್ಕ ವಿಳಾಸವನ್ನು ಡಿಎಂಎ_ಆಡ್ರ್_ಟಿ ವಿಧದಲ್ಲೇ ಇಡಿ, ಪಾಯಿಂಟರ್‌ನಲ್ಲೂ ಬೇಡ, ಇಂಟ್‌ನಲ್ಲೂ ಬೇಡ.

ಕೆಲವು ಕಾರ್ಡ್‌ಗಳಲ್ಲಿ ವಿಳಾಸದ ಕೆಳ ಅರ್ಧಕ್ಕೊಂದು, ಮೇಲಿನ ಅರ್ಧಕ್ಕೊಂದು ರಿಜಿಸ್ಟರ್ ಇರುತ್ತದೆ. ಮೇಲರ್ಧ ತೆಗೆಯಲು ನೇರವಾಗಿ 32 ಸ್ಥಾನ ಬಲಕ್ಕೆ ಸರಿಸಬೇಡಿ. ಆ ವಿಧ 32 ಬಿಟ್ಟೇ ಆಗಿರುವ ಯಂತ್ರದಲ್ಲಿ ಅದರ ಫಲ ಏನೆಂದು ಸಿ ಭಾಷೆ ಹೇಳುವುದಿಲ್ಲ. ಕರ್ನಲ್‌ನ ಅಪ್ಪರ್_32_ಬಿಟ್ಸ್ ಮ್ಯಾಕ್ರೋ ತೆರೆದು ನೋಡಿ: 16 ಸರಿಸಿ, ಮತ್ತೆ 16 ಸರಿಸುತ್ತದೆ. ಎರಡು ಹೆಜ್ಜೆ ಯಾಕೆ ಎನ್ನುವುದು ಹೊಳೆದರೆ ಈ ವಿಷಯದ ಅರ್ಧ ನಿಮ್ಮದಾಯಿತು.

ಗುರುತಿಗಾಗಿ ಕೊಟ್ಟ ಪಾಯಿಂಟರ್

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ. ನಮ್ಮ ಕಾರ್ಡಿನ ಡಿಸ್ಕ್ರಿಪ್ಟರ್‌ನಲ್ಲಿ (ಕಾರ್ಡಿಗೆ ಒಂದು ಕೆಲಸವನ್ನು ವಿವರಿಸುವ ದಾಖಲೆಯಲ್ಲಿ) 32 ಬಿಟ್‌ನ ಒಂದು ಗುರುತಿನ ಅಂಕಣವಿದೆ. ಡ್ರೈವರ್ ಏನು ಬರೆದರೂ ಕಾರ್ಡ್ ಅದನ್ನು ಮುಟ್ಟದೆ, ಕೆಲಸ ಮುಗಿದಾಗ ವಾಪಸ್ ಕೊಡುತ್ತದೆ. ಹಳೆಯ ಡ್ರೈವರ್ ಅಲ್ಲಿ ತನ್ನ ಸ್ಟ್ರಕ್ಟ್‌ನ ಪಾಯಿಂಟರನ್ನೇ ಬರೆಯುತ್ತಿತ್ತು. 64 ಬಿಟ್ ಕರ್ನಲ್‌ನ ಪಾಯಿಂಟರ್‌ಗಳಲ್ಲಿ ಮೇಲಿನ ಬಿಟ್‌ಗಳು ಸಾಲಾಗಿ 1 ಇರುವುದರಿಂದ ತುಂಡಾದ ಪಾಯಿಂಟರ್ ಮೊದಲ ಸಲವೇ ಕರ್ನಲನ್ನು ಕೆಡವುತ್ತದೆ. ಬಿದ್ದುಹೋದ ಅರ್ಧವನ್ನು ಊಹಿಸಿ ಅಂಟಿಸುವ ಕೋಡ್ ಬರೆಯುವವರಿದ್ದಾರೆ, ಅದು ಸರಿಯಲ್ಲ.

ಅಡಿಕೆ ಮಂಡಿಯಲ್ಲಿ ಚೀಲದ ಮೇಲೆ ಲಾಟ್ ನಂಬರ್ ಇರುತ್ತದೆ, ಬೆಳೆಗಾರರ ಹೆಸರು, ಊರು, ತಾಲ್ಲೂಕು ಪುಸ್ತಕದಲ್ಲಿರುತ್ತದೆ. ಹಾಗೆಯೇ ಸ್ಟ್ರಕ್ಟ್‌ಗಳ ಪಾಯಿಂಟರ್‌ಗಳನ್ನು ಡ್ರೈವರ್‌ನೊಳಗಿನ ಅರೇಯಲ್ಲಿಟ್ಟು, ಕಾರ್ಡಿಗೆ ಅದರ ಸೂಚ್ಯಂಕ ಮಾತ್ರ ಕೊಡಿ. 256 ಡಿಸ್ಕ್ರಿಪ್ಟರ್‌ಗಳ ರಿಂಗ್‌ಗೆ (ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬರುವ ಸಾಲಿಗೆ) 8 ಬಿಟ್ ಸಾಕು. ಇನ್ನೊಂದು ಲಾಭವೂ ಇದೆ: ಕೆಟ್ಟ ಕಾರ್ಡ್ 900 ಎಂದು ವಾಪಸ್ ಕೊಟ್ಟರೆ ಮಿತಿ ದಾಟಿದೆ ಎಂದು ತಿರಸ್ಕರಿಸಬಹುದು. ಕಾರ್ಡ್ ಕೊಟ್ಟ ಪಾಯಿಂಟರ್ ನಿಜವೋ ಸುಳ್ಳೋ ಪರೀಕ್ಷಿಸಲು ಅಂಥ ಸುಲಭ ದಾರಿಯಿಲ್ಲ. ಡ್ರೈವರ್ 32 ಬಿಟ್‌ನಲ್ಲೇ ಉಳಿದರೂ ನಾನು ಈ ಬದಲಾವಣೆ ಮಾಡುತ್ತೇನೆ.

ಬಳಕೆದಾರರ ಪ್ರೋಗ್ರಾಂ

ಒಂದು 32 ಬಿಟ್ ಎಣಿಕೆ, ಒಂದು ಪಾಯಿಂಟರ್ ಇರುವ ಸ್ಟ್ರಕ್ಟನ್ನು ಐಆಕ್ಟಲ್ (ಪ್ರೋಗ್ರಾಂ ಡ್ರೈವರ್‌ಗೆ ಆದೇಶ ಕೊಡುವ ಸಿಸ್ಟಂ ಕರೆ) ಮೂಲಕ ಕಳಿಸುತ್ತೇವೆ ಎನ್ನಿ. 32 ಬಿಟ್‌ನಲ್ಲಿ ಅದು 8 ಬೈಟ್. 64 ಬಿಟ್‌ನಲ್ಲಿ ನಡುವೆ 4 ಬೈಟ್ ಖಾಲಿ ಸೇರಿ 16. ಐಆಕ್ಟಲ್‌ನ ಕಮಾಂಡ್ ಸಂಖ್ಯೆಯೊಳಗೆ ಸ್ಟ್ರಕ್ಟ್‌ನ ಅಳತೆಯೂ ಸೇರಿರುವುದರಿಂದ, ಹಳೆಯ 32 ಬಿಟ್ ಪ್ರೋಗ್ರಾಂ ಕಳಿಸಿದ ಕಮಾಂಡ್ ಹೊಸ ಡ್ರೈವರ್‌ಗೆ ಪರಿಚಯವೇ ಇರುವುದಿಲ್ಲ. ಹೊಸ ಸ್ಟ್ರಕ್ಟ್ ಬರೆಯುವುದಾದರೆ ಪಾಯಿಂಟರ್ ಜಾಗದಲ್ಲಿ ಯಾವಾಗಲೂ 64 ಬಿಟ್ ಪೂರ್ಣಾಂಕ ಇಡಿ, ಖಾಲಿ ಜಾಗಕ್ಕೂ ಹೆಸರು ಕೊಟ್ಟು ತುಂಬಿಸಿ. 32 ಬಿಟ್ ಇಂಟೆಲ್ ಸ್ಟ್ರಕ್ಟ್‌ನೊಳಗಿನ 64 ಬಿಟ್ ಸಂಖ್ಯೆಯನ್ನು 4 ಬೈಟ್ ಗೆರೆಗೆ ಕೂರಿಸುತ್ತದೆ, 32 ಬಿಟ್ ಆರ್ಮ್ ಪ್ರೊಸೆಸರ್ 8 ಬೈಟ್ ಗೆರೆಗೆ ಕೂರಿಸುತ್ತದೆ. ಆರ್ಮ್‌ನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಹಳೆಯ ಪ್ರೋಗ್ರಾಂ ಹಾಗೆಯೇ ಓಡಬೇಕಿದ್ದರೆ ಕಂಪ್ಯಾಟ್ ಐಆಕ್ಟಲ್ ಎಂಬ ಬೇರೆ ಬಾಗಿಲು ಬರೆಯಬೇಕು.

ವಿಳಾಸ ಮುದ್ರಿಸುವಾಗ ಪಾಯಿಂಟರ್‌ಗೂ ಬಸ್ ವಿಳಾಸಕ್ಕೂ ಕರ್ನಲ್ ಲಾಗ್‌ಗೆ ಬರೆಯುವ ಪ್ರಿಂಟ್‌ಕೆಯಲ್ಲಿ ಬೇರೆ ಬೇರೆ ಗುರುತುಗಳಿವೆ, ಅವನ್ನೇ ಬಳಸಿ. ಸಣ್ಣ ಸಂಖ್ಯೆಯನ್ನು ವಾಯ್ಡ್ ಪಾಯಿಂಟರ್‌ನಲ್ಲಿ ಅಡಗಿಸಿ ಮರಳಿ ಪಡೆಯುವಾಗ ಮಾತ್ರ ಯುಇಂಟ್‌ಪಿಟಿಆರ್_ಟಿ ಮೂಲಕ ಕಾಸ್ಟ್ ಮಾಡುವುದು ನ್ಯಾಯವೇ.

ಅಭ್ಯಾಸಕ್ಕೆ ಕಾರ್ಡ್ ಬೇಕಿಲ್ಲ. ಇಡೀ ಯಂತ್ರವನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯುಇಎಂಯುವಿನಲ್ಲಿ ಕಲಿಯುವವರಿಗೆಂದೇ ಎಡು ಎಂಬ ಪಿಸಿಐ ಸಾಧನವಿದೆ. ಅದರ ಡಿಎಂಎ ಮೊದಲಿಗೆ 28 ಬಿಟ್‌ಗೆ, ಅಂದರೆ 256 ಎಂಬಿಗೆ ಸೀಮಿತ. ಮುಂದಿನ ಭಾನುವಾರದೊಳಗೆ ಅದಕ್ಕೊಂದು ಪುಟ್ಟ ಡ್ರೈವರ್ ಬರೆದು, ಮೊದಲು ಮಾಸ್ಕ್ ಹೇಳದೆ, ಆಮೇಲೆ ಹೇಳಿ ಓಡಿಸಿ. ಎರಡೂ ಸಲ ಸಿಕ್ಕ ಬಸ್ ವಿಳಾಸಗಳನ್ನು ಬರೆದುಕೊಂಡು ಬನ್ನಿ, ಕೂತು ಹೋಲಿಸೋಣ.