ಹೆಸರು ಶಾಲೆಯಲ್ಲಿ, ಮಗು ಮನೆಯಲ್ಲಿ: ನೋಡಿಕೊಳ್ಳುವ ಹೊಣೆ ಯಾರದು?

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರಿದೆ. ತರಗತಿಯಲ್ಲಿ ಮಗು ಇಲ್ಲ. ಹಾಗೆಂದು ಅದು ಶಾಲೆ ಬಿಟ್ಟ ಮಗುವೂ ಅಲ್ಲ. ನಡೆಯಲು, ಕೂರಲು, ಕೆಲವೊಮ್ಮೆ ಕತ್ತು ನಿಲ್ಲಿಸಲು ಕೂಡ ಆಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಏರ್ಪಾಟು ಇದು. ಇಲಾಖೆಯ ಭಾಷೆಯಲ್ಲಿ ಗೃಹಾಧಾರಿತ ಶಿಕ್ಷಣ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಯಾವುದೇ ಹಳ್ಳಿಯಲ್ಲಿ ಈ ಮಕ್ಕಳ ಬಗ್ಗೆ ವಿಚಾರಿಸಿದರೆ ಮುಖ್ಯಶಿಕ್ಷಕರು ತಾಲ್ಲೂಕು ಮಟ್ಟದ ಶಿಕ್ಷಣ ಸಂಪನ್ಮೂಲ ಕೇಂದ್ರದತ್ತ (ಬಿಆರ್‌ಸಿ) ಕೈ ತೋರಿಸುತ್ತಾರೆ, ಬಿಆರ್‌ಸಿಯವರು ಅಂಗವಿಕಲರ ಕಲ್ಯಾಣ ಇಲಾಖೆಯತ್ತ, ಅಲ್ಲಿಯವರು ಪಂಚಾಯಿತಿಯತ್ತ. ಪಂಚಾಯಿತಿಯವರು ಮತ್ತೆ ಶಾಲೆಯ ಹೆಸರು ಹೇಳುತ್ತಾರೆ. ಯಾರೊಬ್ಬರ ಅಸಡ್ಡೆಯಿಂದ ಹೀಗಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಹೊಣೆಯನ್ನು ಹಂಚಿದ ಬಗೆಯಲ್ಲೇ ತೊಡಕಿದೆ.

ನಿಜಾಮರ ಕಾಲದ ಉರ್ದು ಶಾಲೆಗಳು, 1948ರ ವಿಮೋಚನೆ, 1956ರ ಏಕೀಕರಣ, 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾನೂನು: ಇಷ್ಟೂ ದಶಕಗಳಲ್ಲಿ ಹಾಸಿಗೆ ಹಿಡಿದ ಮಗುವಿನ ಕಲಿಕೆ ಸರ್ಕಾರದ ಚಿಂತೆಯಾಗಿರಲಿಲ್ಲ. ಆ ಕಾಲದಲ್ಲಿ ದೇಶದ ಹಲವೆಡೆ ಬಂದ ಕಡ್ಡಾಯ ಶಿಕ್ಷಣ ಕಾನೂನುಗಳಲ್ಲಿ ಅಂಗವೈಕಲ್ಯವು ಶಾಲೆಗೆ ಬಾರದಿರಲು ಒಪ್ಪಬಹುದಾದ ಒಂದು ಕಾರಣವಾಗಿತ್ತು. ವಿನಾಯಿತಿ ಕೊಟ್ಟ ಮೇಲೆ ಆ ಮನೆಗೆ ಹೋಗಿ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಓದಿಸುವ ಸಮನ್ವಯ ಶಿಕ್ಷಣ ಯೋಜನೆ ತಂದಿತು. 1995ರ ಅಂಗವಿಕಲರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣದ ಮಾತು ಆಡಿತು. 2002ರಲ್ಲಿ ಶಿಕ್ಷಣವನ್ನು ಮಕ್ಕಳ ಮೂಲಭೂತ ಹಕ್ಕಾಗಿಸುವ 21ಎ ವಿಧಿ ಸಂವಿಧಾನಕ್ಕೆ ಸೇರಿತು.

ನಿಜವಾದ ಗೋಜಲು ಶುರುವಾಗುವುದು 2010ರ ಏಪ್ರಿಲ್ 1ರಂದು, ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದಾಗ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಆಗಿನ್ನೂ ಕೆಲವೇ ತಿಂಗಳಾಗಿತ್ತು. 2011ರ ಜನಗಣತಿಯಲ್ಲಿ ಅಲ್ಲಿನ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಅಂಥ ಜಿಲ್ಲೆಯ ಪಂಚಾಯಿತಿಗಳ ಹೆಗಲಿಗೆ ಕಾಯ್ದೆಯ 9ನೇ ಕಲಂ ದೊಡ್ಡ ಹೊರೆ ಹೊರಿಸಿತು. ತನ್ನ ವ್ಯಾಪ್ತಿಯಲ್ಲಿ ವಾಸವಾಗಿರುವ 14 ವರ್ಷದೊಳಗಿನ ಪ್ರತಿ ಮಗುವಿನ ದಾಖಲೆಯನ್ನು ಸ್ಥಳೀಯ ಪ್ರಾಧಿಕಾರ ಇಟ್ಟುಕೊಳ್ಳಬೇಕು. ದಾಖಲಾತಿ, ಹಾಜರಾತಿ, ಎಂಟನೇ ತರಗತಿ ಮುಗಿಸುವುದು, ಎಲ್ಲದರ ಮೇಲೂ ಕಣ್ಣಿಡಬೇಕು. ಆದರೆ ಸ್ಥಳೀಯ ಪ್ರಾಧಿಕಾರ ಎಂದರೆ ಯಾರು? ಮಹಾನಗರ ಪಾಲಿಕೆ, ಪುರಸಭೆ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ ಎಲ್ಲವೂ ಆ ವ್ಯಾಖ್ಯೆಯಲ್ಲಿವೆ. ಶಾಲೆಯ ಮೇಲೆ ಆಡಳಿತ ನಿಯಂತ್ರಣ ಇರುವ ಬೇರೆ ಪ್ರಾಧಿಕಾರವನ್ನೂ ಅದಕ್ಕೆ ಸೇರಿಸಲಾಗಿದೆ. ಎಲ್ಲರ ಹೆಸರೂ ಇದ್ದುದರಿಂದ ಒಬ್ಬರು ಇನ್ನೊಬ್ಬರ ಕಡೆ ನೋಡುವುದು ಸಹಜವಾಯಿತು.

ಎರಡು ವರ್ಷಗಳ ಬಳಿಕ, 2012ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಬಂದಿತು. ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಗು ಮನೆಯಲ್ಲೇ ಕಲಿಯುವ ಆಯ್ಕೆ ಮಾಡಿಕೊಳ್ಳಬಹುದು ಎಂದಿತು. ಇಲ್ಲಿ ‘ಆಯ್ಕೆ’ ಎಂಬ ಪದವನ್ನು ಗಮನಿಸಬೇಕು. ಅದು ಮಗುವಿನ ಹಕ್ಕು. ಶಾಲೆಯಲ್ಲಿ ಇಳಿಜಾರು ದಾರಿ ಇಲ್ಲ, ಶೌಚಾಲಯಕ್ಕೆ ಎತ್ತಿಕೊಂಡು ಹೋಗುವವರಿಲ್ಲ ಎಂಬ ಕಾರಣಕ್ಕೆ ಮಗುವನ್ನು ಮನೆಯಲ್ಲಿ ಉಳಿಸಿದರೆ ಅದನ್ನು ಆಯ್ಕೆ ಎನ್ನಲು ಬರುವುದಿಲ್ಲ.

ಸುಶಿಕ್ಷಿತ ತಂದೆತಾಯಿ ತಾವಾಗಿಯೇ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿ ಓದಿಸುವ ಪದ್ಧತಿ ಬೇರೆ. ಅದರ ಬಗ್ಗೆ ಕಾಯ್ದೆ ಮೌನವಾಗಿದೆ. ಬೆಂಗಳೂರಿನಲ್ಲಿ ಆಗಾಗ ಚರ್ಚೆಯಾಗುವ ಆ ವಿಷಯ ಈ ಭಾಗದಲ್ಲಿ ವಿರಳ. ಇಲ್ಲಿ ಮಗು ಮನೆಯಲ್ಲಿದೆ ಎಂದರೆ ಬಹುತೇಕ ಬೇರೆ ದಾರಿ ಕಾಣದೆ ಉಳಿದಿದೆ ಎಂದೇ ಅರ್ಥ.

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಮನೆಗೆ ನಾನು ಹೋದದ್ದು ಏಪ್ರಿಲ್‌ನಲ್ಲಿ, ಬೆಳಿಗ್ಗೆ ಎಂಟಕ್ಕೆ. ಬೇಸಿಗೆಯಲ್ಲಿ ನಮ್ಮ ಕಡೆ ಕಚೇರಿ ಕೆಲಸವೆಲ್ಲ ಮಧ್ಯಾಹ್ನದೊಳಗೆ ಮುಗಿಯಬೇಕು, ಮನೆ ಭೇಟಿಯೂ ಅಷ್ಟೇ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ತಪ್ಪುವ ಸ್ಥಿತಿ) ಇರುವ ಒಂಬತ್ತು ವರ್ಷದ ಹುಡುಗಿ ಶಹಾಬಾದ್ ಕಲ್ಲಿನ ನೆಲದ ಮೇಲೆ, ಕೌದಿಯ ಒಂದು ಅಂಚಿನಲ್ಲಿ ಮಲಗಿದ್ದಳು. ಕಲ್ಲು ತಂಪು ಎಂದು ತಾಯಿ ಬೇಕೆಂದೇ ಅವಳ ಬೆನ್ನಿನ ಕೆಳಗಿನ ಬಟ್ಟೆಯನ್ನು ಸರಿಸಿದ್ದರು. ತಾಲ್ಲೂಕಿನ ವಿಶೇಷ ಶಿಕ್ಷಕರು ಬಂದಾಗ ಬಣ್ಣದ ಮಣಿಗಳ ಡಬ್ಬಿ ತರುತ್ತಾರಂತೆ. ‘ಸರ್ ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಬಾಗಿಲ ಕಡೆ ಕತ್ತು ಹೊರಳಿಸುತ್ತಾಳೆ’ ಎಂದರು ತಾಯಿ. ಕೆಂಪು ಮಣಿಯನ್ನು ಬೇರೆ ಮಾಡುವುದನ್ನು ಅವಳು ಕಲಿತಿದ್ದಳು. ಅದಕ್ಕೆ ಹಿಡಿದದ್ದು ಒಂದೂವರೆ ವರ್ಷ.

ಗೋಡೆಯ ಗೂಡಿನಲ್ಲಿ ಒಂದನೆಯಿಂದ ನಾಲ್ಕನೇ ತರಗತಿಯವರೆಗಿನ ಪಠ್ಯಪುಸ್ತಕಗಳು ಜೋಡಿಸಿಟ್ಟ ಹಾಗೆಯೇ ಇದ್ದವು. ವರ್ಷ ವರ್ಷ ಅವಳ ಹೆಸರಿನಲ್ಲಿ ಬಂದವು. ಅವಳು ತರಗತಿಯಿಂದ ತರಗತಿಗೆ ತೇರ್ಗಡೆಯಾಗುತ್ತಿದ್ದಾಳೆ. ಕೆಂಪು ಮಣಿಯ ವಿಷಯ ಮಾತ್ರ ಆಕೆಯ ಯಾವ ಅಂಕಪಟ್ಟಿಯಲ್ಲೂ ಇಲ್ಲ. ಶಿಕ್ಷಕರ ಭೇಟಿ ಪುಸ್ತಕದಲ್ಲಿ ತಾಯಿಯ ಹೆಬ್ಬೆಟ್ಟಿನ ಗುರುತುಗಳಿದ್ದವು, ಒಂದಕ್ಕೂ ಇನ್ನೊಂದಕ್ಕೂ ವಾರಗಳ ಅಂತರ. ಆ ಶಿಕ್ಷಕರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಕೃಷ್ಣಾ ತೀರದಿಂದ ಭೀಮಾ ತೀರದವರೆಗೆ ಹರಡಿದ ತಾಲ್ಲೂಕುಗಳಲ್ಲಿ ಬೆರಳೆಣಿಕೆಯ ಮಂದಿ ಬೈಕಿನಲ್ಲಿ ಸುತ್ತಬೇಕು.

ಈ ಮಕ್ಕಳು ಎಣಿಕೆಯಿಂದ ಜಾರುವುದು ಹೇಗೆ ಎಂಬುದು ಮುಂದಿನ ಘಟ್ಟದಲ್ಲಿ ಕಾಣುತ್ತದೆ. 2013ರಲ್ಲಿ ಪತ್ರಿಕಾ ವರದಿಯೊಂದನ್ನು ಆಧರಿಸಿ ಕರ್ನಾಟಕ ಹೈಕೋರ್ಟ್, ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಸ್ವಯಂಪ್ರೇರಿತವಾಗಿ ಅರ್ಜಿ ದಾಖಲಿಸಿಕೊಂಡಿತು. ಅದರ ಫಲವಾಗಿ ಗೈರುಹಾಜರಿಯ ಮೇಲಿನ ನಿಗಾ ಬಿಗಿಯಾಯಿತು, ಮನೆ ಮನೆ ಸಮೀಕ್ಷೆಗಳು ನಡೆದವು. ಬಹಳ ಒಳ್ಳೆಯ ಕೆಲಸ ಅದು. ಆದರೆ ಸಮೀಕ್ಷೆಯ ಪ್ರಶ್ನೆ ‘ಮಗು ಶಾಲೆಗೆ ದಾಖಲಾಗಿದೆಯೇ?’ ಎಂದಿದ್ದರೆ, ಕೌದಿಯ ಮೇಲಿನ ಹುಡುಗಿಯ ಮನೆಯಲ್ಲಿ ಸಿಗುವ ಉತ್ತರ ‘ಹೌದು’. ಅಲ್ಲಿಗೆ ಸಮೀಕ್ಷೆಯವರು ಮುಂದಿನ ಮನೆಗೆ ಹೋಗುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 21ಕ್ಕೆ ಏರಿಸಿತು. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಿ ಇಂಥ ಮಕ್ಕಳನ್ನು ಗುರುತಿಸಬೇಕೆಂದಿತು. 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ ಸಮಗ್ರ ಶಿಕ್ಷಣ ಯೋಜನೆಯೊಳಗೆ ಸೇರಿಹೋಯಿತು. ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಿಂಚಣಿ, ಗುರುತಿನ ಚೀಟಿಗಾಗಿ ಅದೇ ಮನೆಗಳ ಬಾಗಿಲಿಗೆ ಹೋಗುತ್ತಾರೆ. ಅವರ ಇಲಾಖೆ ಬೇರೆ, ಶಿಕ್ಷಕರ ಇಲಾಖೆ ಬೇರೆ. ಒಬ್ಬರು ಬರೆದುಕೊಂಡದ್ದು ಇನ್ನೊಬ್ಬರ ಕೈಗೆ ಸಿಗುವುದು ಅವರಿಬ್ಬರ ಪರಿಚಯದ ಮೇಲೆ ನಿಂತಿದೆ.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ರಾಜ್ಯದ ಅಷ್ಟೂ ಮಕ್ಕಳು ಮನೆಯಲ್ಲಿ ಉಳಿದರು. ಆಗ ವಿದ್ಯಾಗಮ ಬಂದಿತು. ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ, ಓಣಿ ಓಣಿಗೆ ಹೋದರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯದಿಂದ ಅದು ನಿಂತಿತು. ಶಾಲೆಯೇ ಮಗುವನ್ನು ಹುಡುಕಿಕೊಂಡು ಹೋಗಬಲ್ಲದು ಎಂಬುದಕ್ಕೆ ಆ ಕೆಲವು ವಾರಗಳು ಸಾಕ್ಷಿ. ಶಾಲೆಗಳು ಮತ್ತೆ ತೆರೆದವು, ಬರಬಲ್ಲವರು ಬಂದರು.

ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ, ಗೃಹಾಧಾರಿತ ಶಿಕ್ಷಣ ಎಷ್ಟು ಪರಿಣಾಮಕಾರಿ ಎಂಬುದರ ಲೆಕ್ಕಪರಿಶೋಧನೆ ಆಗಬೇಕು, ಅದನ್ನು ಆಧರಿಸಿ ಮಾನದಂಡ ರೂಪಿಸಬೇಕು ಎಂದಿತು. 2021ರಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಅಗತ್ಯದ ಮಕ್ಕಳಿಗೆ ಎಷ್ಟು ವಿಶೇಷ ಶಿಕ್ಷಕರಿರಬೇಕು ಎಂಬುದನ್ನು ನಿಗದಿ ಮಾಡಿ ಎಂದಿತು. 2022ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಹಂತದಲ್ಲಿ 10 ಮಂದಿಗೆ ಒಬ್ಬ, ಹಿರಿಯ ಪ್ರಾಥಮಿಕದಲ್ಲಿ 15 ಮಂದಿಗೆ ಒಬ್ಬ ವಿಶೇಷ ಶಿಕ್ಷಕ ಎಂದು ಗೊತ್ತುಪಡಿಸಿತು. 2025ರ ಮಾರ್ಚ್‌ನಲ್ಲಿ, ಆ ಹುದ್ದೆಗಳನ್ನು ಅಧಿಸೂಚಿಸಿ ಎಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು.

ಇಷ್ಟರ ನಡುವೆ ನಮ್ಮ ಭಾಗದ್ದೇ ಆದ ಇನ್ನೊಂದು ಸಂಕಟವಿದೆ. ತೊಗರಿ ರಾಶಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳು ಇಂಥ ಮಗುವನ್ನು ಅಜ್ಜಿಯ ಬಳಿ ಬಿಡುತ್ತವೆ, ಇಲ್ಲವೇ ಹೆಗಲ ಮೇಲೆ ಹೊತ್ತು ಒಯ್ಯುತ್ತವೆ. ವಲಸೆ ಮಕ್ಕಳ ದಾಖಲಾತಿಯೂ ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಕಾಯ್ದೆ ಹೇಳುತ್ತದೆ. ಆದರೆ ಊರಿನ ಮನೆಗೆ ಬೀಗ ಬಿದ್ದ ತಿಂಗಳುಗಳಲ್ಲಿ ಆ ಮಗುವಿನ ಪ್ರಾಧಿಕಾರ ಶಹಾಪುರದ ಪಂಚಾಯಿತಿಯೋ, ಪುಣೆಯ ಪಾಲಿಕೆಯೋ?

ಮನೆಯೊಳಗೆ ಇಣುಕುವುದು ಸರ್ಕಾರದ ಕೆಲಸವಲ್ಲ ಎನ್ನುವವರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಾನು ಕಂಡ ತಾಯಂದಿರಲ್ಲಿ ಒಬ್ಬರೂ ಅಧಿಕಾರಿಗಳು ಬಂದರೆಂದು ಬೇಸರಪಟ್ಟಿರಲಿಲ್ಲ. ಆ ಏಪ್ರಿಲ್‌ನ ಬೆಳಿಗ್ಗೆ ಹೊರಡುವಾಗ ಶಹಾಪುರದ ತಾಯಿ ಗೂಡಿನಿಂದ ಮೇಲಿನ ಪುಸ್ತಕ ತೆಗೆದು, ದೂಳು ಒರೆಸಿ, ‘ಐದನೇ ತರಗತಿಯ ಪುಸ್ತಕದ ಬದಲು ಇವಳಿಗೆ ಇನ್ನೊಂದು ಡಬ್ಬಿ ಮಣಿ ಕೊಡುತ್ತಾರೆಯೇ? ಯಾರನ್ನು ಕೇಳಬೇಕು?’ ಎಂದರು. ನಾನು ಮುಖ್ಯಶಿಕ್ಷಕರ ಹೆಸರು ಹೇಳಿದೆ.